ಸನ್ಮಾನದ ದಿನ ನಿಂತ ಗಾರ್ಡು

ಎಂಬತ್ತರ ದಶಕದ ನಡುವಿನ ಮಾತಿದು. ಆಗ ನಾನು ಕೊಟ್ಟೂರು, ಹರಪನಹಳ್ಳಿ ಸೀಮೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕನಾಗಿದ್ದೆ. ಅದರ ಜೊತೆಗೆ ಕಾಲೇಜಿನ ಎನ್‌.ಸಿ.ಸಿ. ಅಧಿಕಾರಿಯೂ ಆಗಿದ್ದೆ. ಕಾಲೇಜಿನ ಹೆಸರು ಹೇಳುವುದಿಲ್ಲ. ಈಗ ಅಲ್ಲಿ ಪಾಠ ಮಾಡುತ್ತಿರುವವರು ಆಗ ಅಂಗನವಾಡಿಗೂ ಹೋಗುತ್ತಿರಲಿಲ್ಲ, ಆ ಕೊಳೆಯನ್ನು ಅವರ ಮೈಗೆ ಯಾಕೆ ಹಚ್ಚಲಿ. ನಿವೃತ್ತನಾಗಿ ಬಹಳ ವರ್ಷವಾಯಿತು, ಬಿ.ಪಿ. ಮಾತ್ರೆ ನುಂಗುವ ವಯಸ್ಸು. ಆದರೂ ಆ ದಿನ ನೆನಪಾದರೆ ಕಿವಿ ಬಿಸಿಯಾಗುತ್ತದೆ. ಸಮಾಧಾನದಿಂದ ಬರೆಯೋಣವೆಂದು ಎಷ್ಟೋ ಸಲ ಕೂತೆ, ಆಗಲಿಲ್ಲ. ಹಾಗಾಗಿ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಎನ್‌.ಸಿ.ಸಿ. ಅಧಿಕಾರಿ ಎಂದರೆ ಸೈನಿಕನಲ್ಲ. ಪಾಠ ಹೇಳುವ ಮೇಷ್ಟರುಗಳಲ್ಲೇ ಒಬ್ಬನನ್ನು ಆರಿಸಿ, ನಾಗಪುರದ ಕಡೆ ತರಬೇತಿಗೆ ಕಳಿಸಿ, ಖಾಕಿ ಬಟ್ಟೆ ಹಾಕಿಸಿ ಹೆಗಲಿಗೆ ನಕ್ಷತ್ರ ಸಿಕ್ಕಿಸುತ್ತಾರೆ. ವಾರಕ್ಕೆರಡು ದಿನ ಹುಡುಗರಿಗೆ ಕವಾಯತು ಕಲಿಸಬೇಕು. ಗುಂಡು ಹಾರದ ಕವಾಯತಿನ ರೈಫಲ್‌ಗಳ ಕೋಣೆಯ ಬೀಗದ ಕೈ ನಮ್ಮ ಬಳಿ. ಮೂರು ವರ್ಷ ಸರಿಯಾಗಿ ನಡೆಸಿದ ಹುಡುಗ ಕೊನೆಗೆ ‘ಸಿ’ ಸರ್ಟಿಫಿಕೇಟ್ ಪರೀಕ್ಷೆಗೆ ಕೂರುತ್ತಾನೆ. ಸೈನ್ಯ, ಪೊಲೀಸು ಸೇರಬೇಕೆನ್ನುವವರಿಗೆ ಅದು ದೊಡ್ಡ ಆಸರೆ. ನಮ್ಮ ಕಡೆಯ ಬಡ ಹುಡುಗರಿಗೆ ಶಿಫಾರಸು ಹೇಳುವ ಮಾವಂದಿರು ಇರುವುದಿಲ್ಲ, ಇರುವುದು ಆ ಸರ್ಟಿಫಿಕೇಟ್ ಒಂದೇ.

ಆ ವರ್ಷ ನಮ್ಮ ತುಕಡಿಯ ಮುಖ್ಯಸ್ಥ ದುರುಗೇಶ. ಕೊನೆಯ ವರ್ಷದ ಬಿ.ಎ. ವಿದ್ಯಾರ್ಥಿ, ಕಡ್ಡಿಯಂಥ ಹುಡುಗ. ಆದರೆ ಮೈದಾನದ ಈ ತುದಿಯಲ್ಲಿ ನಿಂತು ಆರ್ಡರ್ ಕೊಟ್ಟರೆ ಆ ತುದಿಯ ಬೇವಿನ ಮರದ ಕಾಗೆ ಏಳಬೇಕು, ಅಂಥ ಗಂಟಲು. ತಾಯಿ ಹುಲಿಗೆಮ್ಮ ಕಾಲೇಜಿದ್ದ ಊರಿನ ಶೇಂಗಾ ಮಿಲ್ಲಿನಲ್ಲಿ ಕಾಳು ಆರಿಸುತ್ತಿದ್ದಳು. ತಂದೆ ಮೈಲಪ್ಪ ಇರಲಿಲ್ಲ. ಸಹಜವಾಗಿ ಸತ್ತಿರಲಿಲ್ಲ, ಅವನನ್ನು ಕೊಂದಿದ್ದರು.

ಕೊಂದವನು ಸೋಮನಗೌಡ. ಇಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಹಳ್ಳಿಯವನು, ಮೈಲಪ್ಪನದೂ ಅದೇ ಊರು. ಎಪ್ಪತ್ತೊಂದರ ಯುದ್ಧದಲ್ಲಿ ಹವಾಲ್ದಾರನಾಗಿ ಹೋರಾಡಿ, ಎಡಗೈಯ ಎರಡು ಬೆರಳು ಕಳೆದುಕೊಂಡು ಬಂದಿದ್ದ. ಅದು ಸುಳ್ಳಲ್ಲ, ಸುಳ್ಳೆಂದು ನಾನು ಯಾವತ್ತೂ ಹೇಳಿಲ್ಲ. ಅವನು ಪಿಂಚಣಿಯ ಮೇಲೆ ಊರಿಗೆ ಬಂದಾಗ ಜನ ಹೆಗಲ ಮೇಲೆ ಹೊತ್ತು ಕುಣಿದರು. ಮಾಜಿ ಸೈನಿಕನೆಂದು ಬಂದೂಕಿನ ಲೈಸೆನ್ಸೂ ಸುಲಭಕ್ಕೆ ಸಿಕ್ಕಿತು. ಅವನ ಹೊಲದ ಬದುವಿನ ಮೇಲೆ ಊರಿಗೆ ಊರೇ ಓಡಾಡುತ್ತಿತ್ತು. ಆದರೆ ಕೇರಿಯವರು ಮಾತ್ರ ಅಲ್ಲಿ ಕಾಲಿಡಬಾರದೆಂದು ಅವನು ತಾಕೀತು ಮಾಡಿದ. ಒಂದು ದಿನ ಮೈಲಪ್ಪ ಮೇವಿನ ಹೊರೆ ಹೊತ್ತು ಅದೇ ಬದುವಿನ ಮೇಲೆ ಬಂದ. ಗೌಡ ಬಂದೂಕು ಎತ್ತಿ ಹೊಡೆದ. ಹೊರೆಯ ಸಮೇತ ಬಿದ್ದ ಮೈಲಪ್ಪ ಮತ್ತೆ ಏಳಲಿಲ್ಲ.

ಪೋಸ್ಟ್‌ಮಾರ್ಟಮ್ ಮುಗಿಸಿ ಹೆಣ ಊರಿಗೆ ಬಂದಾಗ, ಗಲಾಟೆಯಾದೀತೆಂದು ಪೊಲೀಸರು ಮೆರವಣಿಗೆಗೆ ಬಿಡಲಿಲ್ಲ. ಹಲಗೆ ಬಾರಿಸುವಂತಿಲ್ಲ, ಭಜನೆ ಮಾಡುವಂತಿಲ್ಲ, ಕುಣಿಯ ಹತ್ತಿರ ನಾಲ್ಕು ಜನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ನಮ್ಮ ಕಡೆ ಎಂಥ ಬಡವನಿಗಾದರೂ ಹಲಗೆಯ ಸದ್ದಿಲ್ಲದೆ ಮಣ್ಣಾಗುವ ಗತಿ ಬರುವುದಿಲ್ಲ. ಮೈಲಪ್ಪನಿಗೆ ಅದೂ ಬಂತು.

ಕೇಸು ನಡೆಯಿತು, ಕೊಲೆಯೆಂದು ಶಿಕ್ಷೆಯೂ ಆಯಿತು. ಮೇಲಿನ ಕೋರ್ಟಿನಲ್ಲಿ ಅದು ಕೊಲೆಯಲ್ಲದ ನರಹತ್ಯೆ ಎಂದಾಗಿ ಶಿಕ್ಷೆ ಕಡಿಮೆಯಾಯಿತು. ಗೌಡ ಕೆಲವು ವರ್ಷ ಜೈಲಿನಲ್ಲಿದ್ದು, ನಡತೆ ಚೆನ್ನಾಗಿದೆ ಎನಿಸಿಕೊಂಡು ಹೊರಗೆ ಬಂದ. ಬಂದ ಮೇಲಾದರೂ ಹುಲಿಗೆಮ್ಮನ ಕಡೆ ತಲೆಯೆತ್ತಿ ನೋಡಲು ನಾಚಿಕೆಪಟ್ಟನೇ? ಇಲ್ಲ. ಹರಪನಹಳ್ಳಿ ಹತ್ತಿರದ ಅರಸೀಕೆರೆಯ ಸಂತೆಯಲ್ಲಿ ಚಹಾ ಕುಡಿಯುತ್ತ, “ನನ್ನ ಬದುವಿನ ಮ್ಯಾಲ ಬಂದ, ಹೊಡದೆ. ಇವತ್ತು ಬಂದ್ರೂ ಹೊಡೀತೀನಿ” ಎಂದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಅಂಥ ಹೊತ್ತಿನಲ್ಲಿ ನಮ್ಮ ವಿಶ್ವವಿದ್ಯಾಲಯಕ್ಕೆ ತನ್ನ ಹುಟ್ಟುಹಬ್ಬದ ಸಡಗರ ಹತ್ತಿತು. ತನ್ನ ಅಧೀನದ ಒಂದೊಂದು ಕಾಲೇಜೂ ತನ್ನ ಸೀಮೆಯ ಒಬ್ಬ ಆದರ್ಶ ನಾಗರಿಕನ ಹೆಸರು ಕಳಿಸಬೇಕು, ಕುಲಪತಿಗಳೇ ಬಂದು ಶಾಲು ಹೊದಿಸಿ ಸನ್ಮಾನ ಮಾಡುತ್ತಾರೆ ಎಂದು ಹೇಳಿ ಕಳಿಸಿದರು. ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರ ಮಗಳನ್ನು ಗೌಡನ ತಮ್ಮನ ಮನೆಗೆ ಕೊಟ್ಟಿತ್ತು. ಇಷ್ಟು ಹೇಳಿದರೆ ಉಳಿದದ್ದು ನಿಮಗೇ ತಿಳಿಯುತ್ತದೆ. ನಮ್ಮ ಸೀಮೆಯಲ್ಲಿ ಆದರ್ಶ ನಾಗರಿಕರಿಗೆ ಬರಗಾಲವೇ? ಕೂಡ್ಲಿಗಿಯಲ್ಲಿ ಊರೂರು ತಿರುಗಿ ಹೆರಿಗೆ ಮಾಡಿಸುತ್ತಿದ್ದ ಒಬ್ಬ ನರ್ಸಮ್ಮ ಇದ್ದರು, ಹಡಗಲಿಯಲ್ಲಿ ಹೊಲ ಬಿಟ್ಟುಕೊಟ್ಟು ಶಾಲೆ ಕಟ್ಟಿಸಿದ ಒಬ್ಬ ಮುದುಕರಿದ್ದರು. ಅವರ್‍ಯಾರೂ ಇವರ ಕಣ್ಣಿಗೆ ಬೀಳಲಿಲ್ಲ. ಹೋದ ಹೆಸರು ಸೋಮನಗೌಡನದು, ಅದೂ ವೀರಯೋಧ ಎಂಬ ಬಿರುದಿನೊಂದಿಗೆ. ವಿಶ್ವವಿದ್ಯಾಲಯದವರು ಹಿಂದೆ ಮುಂದೆ ನೋಡದೆ ಒಪ್ಪಿಬಿಟ್ಟರು.

ಪ್ರಿನ್ಸಿಪಾಲರು ನನ್ನನ್ನು ಕರೆದು, “ಗಾರ್ಡ್ ಆಫ್ ಆನರ್ ಜಬರ್ದಸ್ತ್ ಆಗ್ಬೇಕ್ರಿ. ಯುನಿವರ್ಸಿಟಿ ಮಂದಿ ಮೂಗಿನ ಮ್ಯಾಲ ಬೆರಳಿಡಬೇಕು” ಎಂದರು. ಗಾರ್ಡ್ ಆಫ್ ಆನರ್ ಎಂದರೆ ರೈಫಲ್ ಹಿಡಿದ ಹುಡುಗರು ಸಾಲಾಗಿ ನಿಂತು ಅತಿಥಿಗೆ ಸಲಾಮಿ ಕೊಡುವ ಗೌರವ. ಆರ್ಡರ್ ಕೊಡುವವನು ತುಕಡಿಯ ಮುಖ್ಯಸ್ಥ.

“ಸರ್, ಅವನು ಕೊಂದದ್ದು ನಮ್ಮ ದುರುಗೇಶನ ಅಪ್ಪನ್ನ” ಎಂದೆ.

“ಶಿಕ್ಷಾ ಮುಗಿಸ್ಕೊಂಡು ಬಂದಾರಲ್ರಿ. ಇನ್ನೆಷ್ಟು ದಿನ ಅದನ್ನ ಎಳದಾಡ್ತೀರಿ?”

“ಶಿಕ್ಷೆ ಮುಗಿದ್ರೆ ಮನೆಗೆ ಹೋಗಿ ಉಣ್ಣಬಹುದು, ಸಂತೆಗೆ ಬರಬಹುದು. ಶಾಲು ಹೊದಿಸೋದು ಯಾವ ಕಾನೂನಿನಲ್ಲಿದೆ ಸರ್?”

ನಾನು ಬಳ್ಳಾರಿಯ ಬೆಟಾಲಿಯನ್ ಕಚೇರಿಗೆ ಟ್ರಂಕ್ ಕಾಲ್ ಮಾಡಿ ಕೇಳಿದೆ. ಗಾರ್ಡ್ ಕೊಡುವುದು ಕುಲಪತಿಗಳಿಗೆ, ಅದಕ್ಕೆ ಅವಕಾಶವಿದೆ, ಪಕ್ಕದಲ್ಲಿ ಯಾರು ನಿಲ್ಲುತ್ತಾರೆ ಎಂಬುದು ಕಾಲೇಜಿಗೆ ಬಿಟ್ಟದ್ದು ಎಂಬ ಉತ್ತರ ಬಂತು. ನಿಯಮದ ಪ್ರಕಾರ ಅದು ಸರಿಯೇ. ಹಾಗಾಗಿ ಆ ಬಾಗಿಲೂ ಮುಚ್ಚಿತು.

ಏರ್ಪಾಡು ನೋಡಲು ವಿಶ್ವವಿದ್ಯಾಲಯದಿಂದ ಒಬ್ಬ ಪ್ರೊಫೆಸರು ಬಂದರು. ಗರಿಗರಿ ಸಫಾರಿ, ಮೃದುವಾದ ಮಾತು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, “ನೋಡಿ, ನಾವು ಗೌರವಿಸುತ್ತಿರುವುದು ರಣರಂಗದ ಶೌರ್ಯವನ್ನು. ಊರಿನಲ್ಲಿ ನಡೆದದ್ದು ಬೇರೆಯದೇ ಅಧ್ಯಾಯ” ಎಂದರು.

“ಹಾಗಾದರೆ ಸನ್ಮಾನವನ್ನು ರಣರಂಗದಲ್ಲೇ ಇಟ್ಟುಕೊಳ್ಳಿ. ಆ ಬೇರೆ ಅಧ್ಯಾಯ ನಡೆದ ಸೀಮೆಗೇ ಯಾಕೆ ಬರ್ತೀರಿ?” ಎಂದೆ. ಅವರು ಗಡಿಯಾರ ನೋಡಿಕೊಂಡು ಊಟಕ್ಕೆ ಎದ್ದರು. ಆಮೇಲೆ ಅಧ್ಯಕ್ಷರು ನನ್ನನ್ನು ವರಾಂಡದಲ್ಲಿ ನಿಲ್ಲಿಸಿ, “ನೀವು ನಮ್ಮವರಾಗಿ ಹಿಂಗ ಮಾಡಿದ್ರ ಹೆಂಗ್ರಿ ಮೇಷ್ಟ್ರ?” ಎಂದರು. ಹೌದು, ನಾನೂ ಗೌಡನೂ ಒಂದೇ ಜಾತಿ. ಎಲ್ಲಕ್ಕಿಂತ ಹೆಚ್ಚು ಮೈ ಉರಿದದ್ದು ಆ ಮಾತಿಗೆ. ಕೊಲೆಗಾರನ ಜೊತೆ ನನ್ನನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕುವ ಧೈರ್ಯ ಮಾಡಿದರಲ್ಲ ಎಂದು.

ದುರುಗೇಶನಿಗೆ ನಾನೇ ಹೇಳಬೇಕಾಯಿತು. ರೈಫಲ್ ಕೋಣೆಯಲ್ಲಿ ಎಣ್ಣೆ ಬಟ್ಟೆ ಹಿಡಿದು ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ, “ಗೊತ್ತೈತ್ರಿ ಸರ್. ಹಾಸ್ಟೆಲ್‌ನಾಗ ಎಲ್ಲಾರಿಗೂ ಗೊತ್ತೈತಿ” ಎಂದ.

“ಜ್ವರ ಅಂತ ರಜಾ ಹಾಕು. ನಾನು ಒಪ್ಪಿಗೆ ಕೊಡ್ತೀನಿ. ಆರ್ಡರ್ ಬೇರೆಯವನು ಕೊಡಲಿ.”

“ನನಗ್ಯಾಕ್ರಿ ಸರ್ ಜ್ವರ? ಕೊಂದವ ಶಾಲು ಹೊದ್ಕೊಂಡು ಕುಂದರ್ತಾನ. ನಾ ಯಾಕ ಚಾದರ ಹೊದ್ದು ಮಕ್ಕೋಬೇಕು?”

ಮುಂದಿನ ತಿಂಗಳು ‘ಸಿ’ ಸರ್ಟಿಫಿಕೇಟ್ ಪರೀಕ್ಷೆ ಇದೆ, ಒಂದು ಕಪ್ಪುಚುಕ್ಕೆ ಬಿದ್ದರೂ ಕೂರಿಸುವುದಿಲ್ಲ, ಸೈನ್ಯಕ್ಕೆ ಸೇರುವ ನಿನ್ನ ಆಸೆ ಮಣ್ಣುಪಾಲಾಗುತ್ತದೆ ಎಂದು ಹೇಳಿದೆ. ಸೈನ್ಯವೆಂದರೆ ಪ್ರಾಣ ಅವನಿಗೆ. ಅಪ್ಪನನ್ನು ಕೊಂದವನು ಸೈನಿಕ, ನೀನು ಯಾಕೆ ಅಲ್ಲಿಗೇ ಹೊರಟೆ ಎಂದು ಅವನನ್ನು ಹಿಂದೊಮ್ಮೆ ಕೇಳಿದ್ದೆ. “ನಮ್ಮವ್ವನೂ ಹಿಂಗ ಕೇಳ್ತಾಳ್ರಿ. ಆ ಬಟ್ಟಿ ಏನು ಅವರಪ್ಪಂದೇನ್ರಿ? ಅದನ್ನ ಹೆಂಗ ಹಾಕ್ಕೋಬೇಕು ಅಂತ ನಾ ತೋರಸ್ತೀನಿ” ಎಂದಿದ್ದ. ಈಗ ಮಾತ್ರ ರೈಫಲ್ಲಿನ ಬೋಲ್ಟನ್ನು ಒರೆಸುತ್ತಲೇ ಇದ್ದ.

ಸನ್ಮಾನದ ದಿನ ಬಂತು. ಮೈದಾನದಲ್ಲಿ ಶಾಮಿಯಾನ, ಧ್ವನಿವರ್ಧಕದಲ್ಲಿ ದೇಶಭಕ್ತಿ ಗೀತೆಗಳು. ನಮ್ಮದೇ ವಿದ್ಯಾರ್ಥಿಗಳಲ್ಲಿ ಕೆಲವರು ಬಸ್ ಸ್ಟ್ಯಾಂಡಿನ ಹತ್ತಿರ ಕಪ್ಪು ಬಾವುಟ ಹಿಡಿದು ನಿಂತಿದ್ದರು. ಕಾಂಪೌಂಡಿನ ಹೊರಗೆ ಶೇಂಗಾ ಮಿಲ್ಲಿನ ಹೆಂಗಸರು ಕೆಲಸ ಬಿಟ್ಟು ಬಂದು ಗೋಡೆಗುಂಟ ನಿಂತಿದ್ದರು. ನಡುವೆ ಹುಲಿಗೆಮ್ಮ. ಘೋಷಣೆಯಿಲ್ಲ, ಗಲಾಟೆಯಿಲ್ಲ, ಸುಮ್ಮನೆ ಒಳಗೆ ನೋಡುತ್ತಿದ್ದಳು.

ನನ್ನ ಹುಡುಗರು ಇಸ್ತ್ರಿ ಬಟ್ಟೆಯಲ್ಲಿ, ರೈಫಲ್ ಹಿಡಿದು ಸಾಲಾಗಿ ನಿಂತರು. ಮುಂದೆ ದುರುಗೇಶ. ಬಿಸಿಲು ಏರಿತು, ಕುಲಪತಿಗಳ ಕಾರು ಬರಲಿಲ್ಲ. ಕೊನೆಗೆ ಹೊಸಪೇಟೆಯಿಂದ ಫೋನು ಬಂತು. ಅನಿವಾರ್ಯ ಕಾರಣದಿಂದ ಅವರು ಬರಲಾಗುತ್ತಿಲ್ಲ, ಸನ್ಮಾನವನ್ನು ಅವರ ಪರವಾಗಿ ಪ್ರೊಫೆಸರೇ ನಡೆಸಿಕೊಡುತ್ತಾರೆ. ಅನಿವಾರ್ಯವೇನಿತ್ತು? ಕಪ್ಪು ಬಾವುಟದ ಸುದ್ದಿ ಕಿವಿಗೆ ಬಿದ್ದಿತ್ತು, ಅಷ್ಟೇ. ಕೊಲೆಗಾರನ ಹೆಸರಿಗೆ ಒಪ್ಪಿಗೆ ಹಾಕಲು ಹಿಂಜರಿಯದವರು, ಅವನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲು ಹಿಂಜರಿದರು. ಹೇಡಿಗಳು.

ಪ್ರಿನ್ಸಿಪಾಲರು ಓಡಿಬಂದು, “ತಡ ಮಾಡೂದು ಬ್ಯಾಡ್ರಿ. ಗೌಡ್ರಿಗೇ ಸಲಾಮಿ ಹೊಡಸ್ರಿ” ಎಂದರು.

“ಒಪ್ಪಿಗೆ ಇದ್ದದ್ದು ಕುಲಪತಿಗಳಿಗೆ ಮಾತ್ರ. ಅವರು ಬರಲಿಲ್ಲ. ತುಕಡಿ ವಾಪಸ್ ಕರ್ಕೊಂಡು ಹೋಗ್ತೀನಿ.”

“ಕಾಯಿದೆ ಎಲ್ಲಾ ಈಗ ನೆನಪಾತೇನ್ರಿ ನಿಮಗ? ಸಲಾಮಿ ಆಗ್ಲಿಲ್ಲ ಅಂದ್ರ ಆ ಹುಡುಗನ ನಡತಿ ಬಗ್ಗೆ ನಾ ಏನ್ ಬರೀಬೇಕೋ ಬರೀತೀನಿ. ಸರ್ಟಿಫಿಕೇಟ್ ಹೆಂಗ ತಗೋತಾನ ನೋಡ್ತೀನಿ” ಎಂದರು. ನನ್ನನ್ನು ಹೆದರಿಸಿದ್ದರೆ ಹೋಗಲಿ ಎನ್ನಬಹುದಿತ್ತು. ಅಪ್ಪನನ್ನು ಕಳೆದುಕೊಂಡ ಹುಡುಗನ ಅನ್ನವನ್ನು ಒತ್ತೆಯಿಟ್ಟು, ಆ ಅಪ್ಪನನ್ನು ಕೊಂದವನಿಗೇ ಸಲಾಮಿ ಕೇಳಿದ ಆ ಮನುಷ್ಯ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಂದಿದ್ದ.

ನಾನು ನೇರ ದುರುಗೇಶನ ಬಳಿ ಹೋಗಿ, “ತುಕಡಿ ತಿರುಗಿಸು, ಹೋಗೋಣ. ಮುಂದಿನದು ನಾನು ನೋಡ್ಕೋತೀನಿ” ಎಂದೆ. ಅವನು ಕಣ್ಣು ಕದಲಿಸಲಿಲ್ಲ. ಕವಾಯತಿನಲ್ಲಿ ಕದಲಿಸಬಾರದು, ನಾನೇ ಕಲಿಸಿದ್ದು. ತುಟಿ ಮಾತ್ರ ಅಲ್ಲಾಡಿತು.

“ಸರ್, ಗಾರ್ಡ್ ನನಗ ಬಿಡ್ರಿ.”

ಏನು ಮಾಡುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ. ರೈಫಲ್ ಬಿಸಾಕುತ್ತಾನೋ, ವೇದಿಕೆಗೆ ನುಗ್ಗುತ್ತಾನೋ ಎಂದು ಹೆದರಿದೆ. ಆದರೆ ಆ ಮೈದಾನದಲ್ಲಿ ಆ ಹೊತ್ತು ಮಾತಾಡುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವನಿಗೆ. “ಗಾರ್ಡ್ ನಿನ್ನದು” ಎಂದು ಹೇಳಿ ಹಿಂದೆ ಸರಿದೆ.

ಸೋಮನಗೌಡನನ್ನು ವೇದಿಕೆಯ ಮುಂದೆ ನಿಲ್ಲಿಸಿದರು. ಬಿಳಿ ಪಂಚೆ, ರೇಷ್ಮೆ ರುಮಾಲು, ಎದೆಯ ಮೇಲೆ ಪದಕಗಳ ಸಾಲು. ದುರುಗೇಶ ಆರ್ಡರ್ ಕೊಟ್ಟ.

“ಗಾರ್ಡ್, ಸಲಾಮಿ ಶಸ್ತ್ರ್.”

ರೈಫಲ್‌ಗಳು ಒಟ್ಟಿಗೆ ಎದೆಯ ಮುಂದೆ ಬಂದವು. ಗೌಡ ಹೆಮ್ಮೆಯಿಂದ ಕೈ ಎತ್ತಿ ಹಣೆಗೆ ಹಚ್ಚಿದ. ಶಾಮಿಯಾನ ಚಪ್ಪಾಳೆಯಿಂದ ತುಂಬಿತು. ಅಯ್ಯೋ, ಕೊಟ್ಟೇಬಿಟ್ಟನಲ್ಲ ಎಂದುಕೊಂಡೆ. ಗೋಡೆಯಾಚೆ ಹುಲಿಗೆಮ್ಮ ನಿಂತ ಕಡೆ ನೋಡಲಾರದೆ ನೆಲ ನೋಡಿದೆ. ಅಷ್ಟರಲ್ಲಿ ಎರಡನೆಯ ಆರ್ಡರ್ ಬಂತು.

“ಗಾರ್ಡ್, ಶೋಕ್ ಶಸ್ತ್ರ್.”

ಇದೇನೆಂದು ಹೇಳಬೇಕು. ಶೋಕ್ ಶಸ್ತ್ರ್ ಸತ್ತವರಿಗೆ ಕೊಡುವ ಗೌರವ. ರೈಫಲ್ಲನ್ನು ತಲೆಕೆಳಗು ಮಾಡಿ, ನಳಿಗೆಯ ಬಾಯನ್ನು ಬೂಟಿನ ತುದಿಗೆ ಊರಿ, ಮೇಲಾದ ಹಿಡಿಯ ಮೇಲೆ ಎರಡೂ ಕೈಯಿಟ್ಟು, ತಲೆ ಬಗ್ಗಿಸಿ ನಿಲ್ಲಬೇಕು. ಪ್ರತಿ ವರ್ಷ ಜನವರಿ ಮೂವತ್ತರಂದು ಕಾಲೇಜಿನ ಗಾಂಧಿ ಪ್ರತಿಮೆಯ ಮುಂದೆ ನಾವು ಮಾಡುತ್ತಿದ್ದದ್ದು ಅದನ್ನೇ. ಅದಕ್ಕೆ ಹೋಗುವ ದಾರಿ ಸಲಾಮಿ ಶಸ್ತ್ರ್. ಮೊದಲು ಸಲಾಮಿ, ಅಲ್ಲಿಂದ ಶೋಕ. ಅಂದರೆ ಮೊದಲನೆಯ ಸಲಾಮಿಯೂ ಗೌಡನಿಗೆ ಕೊಟ್ಟದ್ದಲ್ಲ.

ಒಬ್ಬನೂ ತಡವರಿಸಲಿಲ್ಲ. ಎಲ್ಲ ನಳಿಗೆಗಳೂ ನೆಲಕ್ಕಿಳಿದವು, ಎಲ್ಲ ತಲೆಗಳೂ ಬಾಗಿದವು. ಎಲ್ಲರೂ ಮೊದಲೇ ಹಾಸ್ಟೆಲ್ಲಿನಲ್ಲಿ ಮಾತಾಡಿಕೊಂಡಿದ್ದರಂತೆ. ಗೌಡನ ಓಣಿಯ ಒಬ್ಬ ಹುಡುಗ ಎರಡನೆಯ ಸಾಲಿನಲ್ಲಿದ್ದ, ಅವನ ತಲೆಯೂ ಬಾಗಿತ್ತು.

ಜನಕ್ಕೆ ತಿಳಿಯಲಿಲ್ಲ. ಇದೂ ಒಂದು ಹೊಸ ಬಗೆಯ ಸಲಾಮಿ ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ತಟ್ಟಿದರು, ಸಫಾರಿಯ ಪ್ರೊಫೆಸರೂ ತಟ್ಟಿದರು. ವೇದಿಕೆಯ ಕಡೆ ಅರ್ಥವಾದದ್ದು ಗೌಡನೊಬ್ಬನಿಗೇ. ಎಷ್ಟು ಗೆಳೆಯರನ್ನು ಮಣ್ಣು ಮಾಡಿ ಬಂದವನೋ ಅವನು, ಆ ಆರ್ಡರ್ ಕಿವಿಗೆ ಬಿದ್ದದ್ದೇ ಅವನ ಕೈ ಹಣೆಯಿಂದ ಜಾರಿತು, ಗದ್ದ ತಾನಾಗಿ ಎದೆಗಿಳಿಯಿತು. ಮೈಲಪ್ಪನಿಗಾಗಿ ತಲೆ ಬಗ್ಗಿಸಿದ ಹುಡುಗರ ಜೊತೆಗೆ ಅವನ ತಲೆಯೂ ಬಾಗಿತ್ತು. ಆಮೇಲೆ ತಾನು ಏನು ಮಾಡುತ್ತಿದ್ದೇನೆ, ಯಾರಿಗಾಗಿ ಮಾಡುತ್ತಿದ್ದೇನೆ ಎಂಬುದು ಹೊಳೆಯಿತು. ತಲೆಯೆತ್ತಿದಾಗ ಮುಖ ಸುಟ್ಟ ರೊಟ್ಟಿಯ ಹಾಗೆ ಕಪ್ಪಾಗಿತ್ತು. ಯಾರೂ ಹೇಳದೆಯೇ ಕುರ್ಚಿಯಲ್ಲಿ ಕೂತುಬಿಟ್ಟ.

ಪ್ರಿನ್ಸಿಪಾಲರಿಗೂ ಜನವರಿ ಮೂವತ್ತು ಈಗ ನೆನಪಾಗಿರಬೇಕು. ನನ್ನ ಪಕ್ಕಕ್ಕೆ ಬಂದು ಹಲ್ಲು ಕಚ್ಚಿ, “ನಿಲ್ಲಸ್ರಿ ಇದನ್ನ” ಎಂದರು. “ಗಾರ್ಡ್ ಅವನದು ಸರ್. ನಡುವೆ ಬಾಯಿ ಹಾಕಂಗಿಲ್ಲ” ಎಂದೆ. ದುರುಗೇಶ ತನಗೆ ಸಾಕೆನಿಸುವವರೆಗೂ ಹಾಗೇ ನಿಲ್ಲಿಸಿದ. ಚಪ್ಪಾಳೆ ತಾನಾಗಿ ಸತ್ತಿತು. ಧ್ವನಿವರ್ಧಕದವನು ಹಾಡು ನಿಲ್ಲಿಸಿದ.

ಸನ್ಮಾನ ನಿಂತಿತೆಂದು ತಿಳಿಯಬೇಡಿ. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಪ್ರೊಫೆಸರು ದೀರ್ಘವಾಗಿ ಶೌರ್ಯದ ಮಾತಾಡಿದರು. ಗೌಡ ಮಾತಾಡಲು ಏಳಲಿಲ್ಲ.

ವಿಚಾರಣೆ ಬಂತು. ಕಾಲೇಜಿನವರು ದುರುಗೇಶನ ಮೇಲೆ ಶಿಸ್ತುಕ್ರಮ ಆಗಬೇಕೆಂದು ಪಟ್ಟು ಹಿಡಿದರು. ಬೆಟಾಲಿಯನ್ನಿನಿಂದ ಬಂದ ಅಧಿಕಾರಿ ನನ್ನನ್ನು ಕೇಳಿದಾಗ, “ಗಾರ್ಡನ್ನು ಅವನ ಕೈಗೆ ಕೊಟ್ಟವನು ನಾನು. ಅಲ್ಲಿ ಆದದ್ದಕ್ಕೆಲ್ಲ ನಾನೇ ಹೊಣೆ, ಅವನಲ್ಲ” ಎಂದೆ. ಆ ಅಧಿಕಾರಿ ಪಂಜಾಬಿನ ಕಡೆಯವರು, ಹೆಚ್ಚು ಮಾತಾಡುವವರಲ್ಲ. ಸತ್ತವನು ಯಾರೆಂದು ಕೇಳಿದರು. ಹೇಳಿದೆ. ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು, ಆಮೇಲೆ ಹೊಣೆಯನ್ನು ನನ್ನ ಹೆಸರಿಗೇ ಬರೆದುಕೊಂಡರು. ದುರುಗೇಶ ಪರೀಕ್ಷೆಗೆ ಕೂತ, ಪಾಸಾದ, ಮರುವರ್ಷ ಸೈನ್ಯ ಸೇರಿದ. ನಾನು ಖಾಕಿ ಬಟ್ಟೆಯನ್ನೂ ರೈಫಲ್ ಕೋಣೆಯ ಬೀಗದ ಕೈಯನ್ನೂ ಹಿಂದಕ್ಕೆ ಕೊಟ್ಟೆ. ಮುಂದೆ ನಿವೃತ್ತಿಯವರೆಗೂ ನನಗೆ ಬಡ್ತಿ ಬರಲಿಲ್ಲ. ಅದಕ್ಕೆ ಒಂದು ದಿನವೂ ಬೇಸರಪಟ್ಟಿಲ್ಲ.

ಬಟ್ಟೆ ಕೊಟ್ಟು ಬಂದ ವಾರ ಹುಲಿಗೆಮ್ಮ ನಮ್ಮ ಮನೆಗೆ ಬಂದಳು. ಸೆರಗಿನಲ್ಲಿ ಹಸಿ ಶೇಂಗಾ ಕಟ್ಟಿಕೊಂಡು ಬಂದಿದ್ದಳು. ನನ್ನ ಹೆಂಡತಿ ಒಳಗೆ ಕರೆದರೂ ಬರದೆ ಕಟ್ಟೆಯ ಮೇಲೆ ಕೂತಳು. “ಸರ, ಒಂದ್ ಕೇಳ್ಬೇಕಿತ್ರಿ. ದುರುಗೇಶನ್ನ ಕೇಳಿದ್ರ ಮಾರಿ ಆಕಡೆ ಮಾಡ್ತಾನ. ಅವತ್ತು ಹುಡುಗ್ರು ಬಂದೂಕ ತೆಳಗ ಮಾಡಿ ತಲಿ ಬಗ್ಗಿಸಿದ್ರಲ್ರಿ, ಅದೇನದು?” ಎಂದಳು.

“ಸೈನ್ಯದೊಳಗ ಯಾರಾದ್ರೂ ತೀರಿಕೊಂಡ್ರ, ಮಣ್ಣು ಮಾಡೋ ಮುಂದ ಕೊಡೋ ಮರ್ಯಾದಿ ಅದು, ಹುಲಿಗೆಮ್ಮ. ಅವತ್ತು ಮೈಲಪ್ಪಗ ಕೊಟ್ರು.”

ಅವಳು ಸೆರಗಿನ ಗಂಟು ಬಿಚ್ಚಿ ಶೇಂಗಾವನ್ನು ಕಟ್ಟೆಯ ಮೇಲೆ ಸುರಿದಳು. ಮಿಲ್ಲಿನ ಅಭ್ಯಾಸಕ್ಕೆ ಬೆರಳುಗಳು ತಾವಾಗಿ ಜೊಳ್ಳು ಗಟ್ಟಿ ಬೇರೆ ಮಾಡತೊಡಗಿದವು.

“ಹಂಗಾರ ನಮ್ಮ ಮನಿಯವ್ರನ್ನ ಮಣ್ಣು ಮಾಡಿದ್ದು ಅವತ್ತ ಅನ್ರಿ” ಎಂದಳು.

ಹೌದೆಂದೆ. ಹಲಗೆ ಬಾರಿಸಲು ಬಿಡದ ಊರಿನಲ್ಲಿ ಇಷ್ಟು ವರ್ಷಗಳ ಮೇಲೆ ಮಗನೇ ಅದನ್ನು ಮಾಡಿ ಮುಗಿಸಿದ್ದ.

ಗೌರವ ಕೊಡುವ ಕೆಲಸವನ್ನು ಹತ್ತಾರು ವರ್ಷ ಮಾಡಿದೆ. ಅದು ನನಗೆ ಕಲಿಸಿದ್ದು ಇಷ್ಟೇ. ಒಬ್ಬನಿಗೆ ಶಾಲು ಹೊದಿಸುವ ಮೊದಲು ಗೋಡೆಯಾಚೆ ನಿಂತು ನೋಡುತ್ತಿರುವವರು ಯಾರೆಂದು ಹೊರಗೆ ಹೋಗಿ ನೋಡಿ ಬರಬೇಕು. ಅಷ್ಟು ಮಾಡಲಾಗದ ವಿದ್ಯೆ ಎಷ್ಟಿದ್ದರೇನು. ಆ ಸನ್ಮಾನವನ್ನು ಹಿಂದಕ್ಕೆ ಪಡೆಯಿರಿ ಎಂದು ನಾನು ವಿಶ್ವವಿದ್ಯಾಲಯಕ್ಕೆ ಮತ್ತೆ ಮತ್ತೆ ಹೇಳಿದೆ. ಗೌಡ ಸತ್ತ, ಅಧ್ಯಕ್ಷರು ಸತ್ತರು, ಆಗಿನ ಕುಲಪತಿಗಳೂ ಹೋದರು. ಆ ಸನ್ಮಾನವನ್ನು ವಿಶ್ವವಿದ್ಯಾಲಯ ಇವತ್ತಿಗೂ ಹಿಂದಕ್ಕೆ ಪಡೆದಿಲ್ಲ.